ಡೇರಿ ಲೆಕ್ಕವನ್ನು ಕನ್ನಡದಲ್ಲಿ ಎಸ್ಎಂಎಸ್ ಮಾಡಬೇಕು, ಕಾಲ್ ಮಾಡಿಯೂ ಹೇಳಬೇಕು: ಟ್ವಿಲಿಯೋ ಲೈಬ್ರರಿ ಸಾಕಾ?

ಕೊಬ್ಬರಿಮಿಠಾಯಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮೂರು ತಿಪಟೂರಿನ ಹತ್ತಿರ. ಚಿಕ್ಕಪ್ಪ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. 180 ಜನ ಸದಸ್ಯರಿದ್ದಾರೆ, ದಿನಕ್ಕೆ ಎರಡು ಹೊತ್ತು ಹಾಲು ಹಾಕುತ್ತಾರೆ. ಹಾಕಿದ ತಕ್ಷಣ ಮೆಷಿನ್ನಿನಿಂದ ಒಂದು ಚೀಟಿ ಬರುತ್ತದೆ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್ಎನ್ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ಎಷ್ಟು, ದುಡ್ಡೆಷ್ಟು ಅಂತ. ಆದರೆ ಕ್ಯಾನ್ ತರುವವರು ಮನೆಯ ಹುಡುಗರು, ಚೀಟಿ ಅವರ ಜೇಬಲ್ಲೇ ಉಳಿದು ಬಟ್ಟೆ ಜೊತೆ ಒಗೆದು ಹೋಗುತ್ತದೆ. ಬಟವಾಡೆ ದಿನ ಬಂತು ಅಂದರೆ ಚಿಕ್ಕಪ್ಪನಿಗೆ ಜಗಳ ತಪ್ಪಿದ್ದಲ್ಲ. "ಮಂಗಳವಾರ ನಮ್ಮ ಹಾಲಿಗೆ ಅಷ್ಟು ಕಮ್ಮಿ ಫ್ಯಾಟ್ ಹೆಂಗೆ ಬಂತು?" ಅಂತ ಒಬ್ಬರು, "ನಾವು ಆವತ್ತು ಹಾಕೇ ಇಲ್ವಲ್ಲ" ಅಂತ ಇನ್ನೊಬ್ಬರು.

ಅದಕ್ಕೆ ಪ್ರತಿ ಹೊತ್ತಿನ ಲೆಕ್ಕ ಮನೆ ಯಜಮಾನರ ಫೋನಿಗೇ ಹೋಗಲಿ ಅಂತ ಹೊರಟೆ. ಓದಲು ಬರದವರಿಗೆ ಕಾಲ್ ಮಾಡಿ ಹೇಳಬೇಕು. ನನಗೆ ಪೈಥಾನ್ ಅಷ್ಟೋ ಇಷ್ಟೋ ಬರುತ್ತದೆ. ಮೆಷಿನ್ ಪಕ್ಕದ ಕಂಪ್ಯೂಟರಿನಿಂದ ಲೆಕ್ಕ ಸಿಎಸ್‌ವಿ ಫೈಲಾಗಿ ಸಿಗುತ್ತದೆ. ಟ್ವಿಲಿಯೋ (ಕೋಡಿನಿಂದ ಎಸ್ಎಂಎಸ್, ಕಾಲ್ ಕಳಿಸುವ ಅಮೆರಿಕದ ಸೇವೆ) ಲೈಬ್ರರಿ ಹಾಕಿಕೊಂಡು ಅಕೌಂಟಿನ ಎಸ್ಐಡಿ (ಗುರುತಿನ ಸಂಖ್ಯೆ), ಟೋಕನ್ (ಪಾಸ್‌ವರ್ಡ್ ಥರದ್ದು) ಕೊಟ್ಟು ಕ್ಲೈಂಟ್ ಮಾಡಿ, ಮೆಸೇಜಸ್ ಡಾಟ್ ಕ್ರಿಯೇಟ್‌ಗೆ ಟು, ಫ್ರಮ್, ಬಾಡಿ ಕೊಟ್ಟರೆ ಮುಗೀತು, ಐದಾರು ಸಾಲು. (ಫ್ರಮ್ ಅನ್ನೋದು ಪೈಥಾನ್‌ನಲ್ಲಿ ಮೊದಲೇ ಬುಕ್ ಆಗಿರುವ ಪದ, ಅದಕ್ಕೆ ಕೊನೆಗೆ ಒಂದು ಅಂಡರ್‌ಸ್ಕೋರ್ ಹಾಕಬೇಕು. ಅದು ಗೊತ್ತಾಗಲು ನನಗೆ ಅರ್ಧ ಗಂಟೆ ಹಿಡಿಯಿತು.) ಟ್ರಯಲ್ ಅಕೌಂಟಿನಲ್ಲಿ ನನ್ನ ಫೋನಿಗೆ ಮೆಸೇಜ್ ಬಂದಾಗ ಚಿಕ್ಕಪ್ಪನಿಗೆ ತೋರಿಸಿ ದೊಡ್ಡ ಮನುಷ್ಯನಾಗಿಬಿಟ್ಟೆ. ಆಮೇಲೆ ದುಡ್ಡು ಕಟ್ಟಿ ಹತ್ತು ಮನೆಗೆ ಕಳಿಸಿ ನೋಡಿದೆ. ಅಲ್ಲಿಂದ ಶುರು:

ಒಂದು ಮೆಸೇಜಿಗೆ ಮೂರು ಮೆಸೇಜಿನ ದುಡ್ಡು ಹೋಗುತ್ತಿದೆ. ಕಳಿಸಿದ್ದು ಇಷ್ಟೇ:

"ನಮಸ್ಕಾರ ಶಿವಣ್ಣ ಅವರೇ, ನಿಮ್ಮ ಬೆಳಿಗ್ಗೆಯ ಹಾಲು 6.4 ಲೀಟರ್, ಫ್ಯಾಟ್ 4.1, ಎಸ್ಎನ್ಎಫ್ 8.5, ಲೀಟರಿಗೆ 36.20 ರೂಪಾಯಿಯಂತೆ ಒಟ್ಟು 231.68 ರೂಪಾಯಿ. ಧನ್ಯವಾದಗಳು."

ಎರಡನೇದು, ಬಂದ ಮೆಸೇಜಿನ ಮೇಲೆ ಯಾವುದೋ ಸಂಬಂಧವಿಲ್ಲದ ನಂಬರ್ ಇರುತ್ತದೆ, ಡೇರಿ ಹೆಸರು ಬರೋದಿಲ್ಲ. ಮೂರು ಜನಕ್ಕೆ ಬರಲೇ ಇಲ್ಲ.

ಮೂರನೇದು, ಕಾಲ್ ಮಾಡಿಸಿದರೆ ಪ್ಲಸ್ ಒಂದರಿಂದ ಶುರುವಾಗುವ ಅಮೆರಿಕದ ನಂಬರ್ ಕಾಣುತ್ತದೆ, ಯಾರೂ ಎತ್ತುವುದಿಲ್ಲ. ಎತ್ತಿದ ಒಬ್ಬರೇ ಒಬ್ಬರು "ಯಾವನೋ ಕಳ್ಳ ಹಾಲಿನ ಲೆಕ್ಕ ಕೇಳ್ತಾವ್ನೆ" ಅಂತ ಡೇರಿಗೇ ಬಂದು ದೂರು ಕೊಟ್ಟರು.

ಇದೇ ಲೈಬ್ರರಿಯಲ್ಲಿ ಸರಿ ಮಾಡಬಹುದಾ, ಇಲ್ಲಾ ಬೇರೆ ದಾರಿ ನೋಡಬೇಕಾ?

---

ಒತ್ತಕ್ಷರ

ಮೊದಲನೇದಕ್ಕೆ ನಾನು ಹೇಳುತ್ತೇನೆ, ಉಳಿದದ್ದು ಗೊತ್ತಿರುವವರು ಹೇಳಲಿ.

ಒಂದು ಎಸ್ಎಂಎಸ್ ಅಂದರೆ 140 ಬೈಟ್. ಅಷ್ಟೇ. ಇಂಗ್ಲಿಷ್ ಅಕ್ಷರಗಳನ್ನು ಏಳೇಳು ಬಿಟ್ಟಿನಲ್ಲಿ ಒತ್ತೊತ್ತಾಗಿ ಜೋಡಿಸುತ್ತಾರೆ, ಹಾಗಾಗಿ 160 ಹಿಡಿಯುತ್ತವೆ. ಆ ಏಳು ಬಿಟ್ಟಿನ ಮಾಮೂಲಿ ಪಟ್ಟಿಯಲ್ಲಿ ಕನ್ನಡ ಇಲ್ಲ. ಮೆಸೇಜಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇದ್ದರೂ ಇಡೀ ಮೆಸೇಜ್ ಅಕ್ಷರಕ್ಕೆ ಎರಡು ಬೈಟಿನ ಯುಸಿಎಸ್-2ಗೆ ಹೋಗುತ್ತದೆ, ಆಗ ಹಿಡಿಯುವುದು 70 ಮಾತ್ರ. 70 ದಾಟಿದರೆ ಮೆಸೇಜನ್ನು ತುಂಡು ಮಾಡಿ ಕಳಿಸುತ್ತಾರೆ. ತುಂಡುಗಳನ್ನು ಮತ್ತೆ ಜೋಡಿಸಲು ಪ್ರತಿ ತುಂಡಿಗೂ 6 ಬೈಟಿನ ತಲೆಪಟ್ಟಿ ಬೇಕಲ್ಲ, ಅದನ್ನು ಕಳೆದರೆ ತುಂಡಿಗೆ 67.

ಈಗ ನಿನ್ನ ಮೆಸೇಜ್ ಎಣಿಸಿದೆ. 137. ಎರಡು ತುಂಡಿಗೆ 134 ಹಿಡಿಯುತ್ತದೆ. ಬರೀ 3 ಅಕ್ಷರ ಹೆಚ್ಚಾಗಿದ್ದಕ್ಕೆ ಮೂರನೇ ತುಂಡಿನ ದುಡ್ಡು ಕೊಡುತ್ತಿದ್ದೀಯ! ಶಿವಣ್ಣನವರ ಹೆಸರು ತೆಗೆದಿದ್ದರೆ ಎರಡಕ್ಕೆ ಮುಗಿಯುತ್ತಿತ್ತು.

ಇಲ್ಲಿ "ಅಕ್ಷರ" ಅನ್ನೋ ಮಾತಲ್ಲೇ ಎಲ್ಲರೂ ಎಡವೋದು. ನಮ್ಮ ಕಣ್ಣಿಗೆ "ಬೆಳಿಗ್ಗೆ" ಮೂರಕ್ಷರ. ಎಣಿಕೆಗೆ ಅದು 8: ಬ, ಎತ್ವ, ಳ, ಗುಡಿಸು, ಗ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಗ, ಮತ್ತೆ ಎತ್ವ. "ಫ್ಯಾಟ್" ಎರಡಕ್ಷರದ ಹಾಗೆ ಕಾಣುತ್ತದೆ, ಆದರೆ 6. ಒತ್ತಕ್ಷರ ಕಂಡಲ್ಲೆಲ್ಲ ಜೇಬು ಮುಟ್ಟಿಕೊಳ್ಳಬೇಕು. (ನನ್ನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.)

ಹೀಗೆ ಮಾಡು:

"ಬೆಳಿಗ್ಗೆ 6.4ಲೀ ಫ್ಯಾಟ್ 4.1 ಎಸ್ಎನ್ಎಫ್ 8.5 ದರ 36.20 ಒಟ್ಟು 231.68"

ಇದು 61. ಹಾಲು ಎರಡಂಕಿ ಲೀಟರ್ ಆಗಲಿ, ದುಡ್ಡು ಸಾವಿರ ದಾಟಲಿ, 63. ಒಂದೇ ಮೆಸೇಜಿನಲ್ಲಿ ಮುಗಿಯಿತು. ನಮಸ್ಕಾರ, ಧನ್ಯವಾದ ಎಲ್ಲ ಚಿಕ್ಕಪ್ಪನೇ ಎದುರಿಗೆ ಸಿಕ್ಕಾಗ ಹೇಳಲಿ. ಪೈಥಾನ್‌ನ ಲೆನ್ ಕೊಡುವ ಸಂಖ್ಯೆಯೇ ಕನ್ನಡಕ್ಕೆ ಸರಿಯಾದ ಲೆಕ್ಕ, ಹಾಗಾಗಿ ಕಳಿಸುವ ಮುಂಚೆ 70 ದಾಟಿದೆಯಾ ಅಂತ ಕೋಡಲ್ಲೇ ನೋಡಿ ನಿಲ್ಲಿಸು.

ಇನ್ನೂ ಎರಡು ಸಣ್ಣ ಗುಂಡಿಗಳು. ಒಂದು, ಕಣ್ಣಿಗೆ ಕಾಣದ ಅಕ್ಷರ. "ಎಸ್ಎಂಎಸ್" ಅಂತ ಬರೆಯುವಾಗ ಎಷ್ಟೋ ಜನ ಅಭ್ಯಾಸಬಲದಿಂದ ಅರ್ಧಾಕ್ಷರ ಆದ ಮೇಲೆ ಜೋಡಣೆ ತಡೆಯುವ ಚಿಹ್ನೆ ಹಾಕುತ್ತಾರೆ. ಮುಂದೆ ಸ್ವರ ಇರುವಾಗ ಅದು ಬೇಕೇ ಇಲ್ಲ, ಹೇಗೂ ಒತ್ತು ಬೀಳುವುದಿಲ್ಲ. ಆದರೆ ಅದೂ ಒಂದು ಅಕ್ಷರವಾಗಿ ಎಣಿಕೆಗೆ ಸೇರುತ್ತದೆ. ಎರಡು, ದೀರ್ಘಗಳು. "ಕೋ" ಮಾಮೂಲಿಯಾಗಿ 2, ಬಿಡಿಸಿ ಬರೆದರೆ 4. ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಕೆಲವು ಟೂಲುಗಳು ಹೀಗೆ ಬಿಡಿಸಿ ಕೊಡುವುದುಂಟು, ನೋಡಲು ಒಂದೇ ಥರ ಇರುತ್ತದೆ. ಕಳಿಸುವ ಮೊದಲು ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್ಎಫ್‌ಸಿ ಅಂತ ಕೊಟ್ಟು ಒಮ್ಮೆ ಹಾಯಿಸಿಬಿಡು, ಬಿಡಿಸಿದ್ದು ಮತ್ತೆ ಕೂಡಿಕೊಳ್ಳುತ್ತದೆ.

ಮೊಬೈಲ್ ಮಾನದಂಡದಲ್ಲಿ ಕನ್ನಡಕ್ಕೇ ಅಂತ ಏಳು ಬಿಟ್ಟಿನ ಬೇರೆ ಪಟ್ಟಿಯೂ ಇದೆ, 3ಜಿಪಿಪಿಯ 23.038 ನೋಡಿ. ಕಾಗದದ ಮೇಲೆ ಚೆನ್ನಾಗಿದೆ. ಅದನ್ನು ನಂಬಿ ಕೂರಬೇಡ, ಕಳಿಸುವ ಸೇವೆಗಳು ಬಳಸುವುದು ಯುಸಿಎಸ್-2.

---

ಕೊಬ್ಬರಿಮಿಠಾಯಿ

ಅಬ್ಬಾ. ಮೂರಕ್ಷರಕ್ಕೆ ಇಷ್ಟು ದಿನ ದುಡ್ಡು ಸುರಿದೆ ನೋಡಿ. ಹೆಸರಿನದ್ದು ಇನ್ನೊಂದು ಕಥೆ ಇದೆ. ಡೇರಿ ಸಾಫ್ಟ್‌ವೇರಿನಲ್ಲಿ ಸದಸ್ಯರ ಹೆಸರು ನುಡಿ ಫಾಂಟಿನಲ್ಲಿದೆ, ಯೂನಿಕೋಡ್ ಅಲ್ಲ. ಸಿಎಸ್‌ವಿಯಲ್ಲಿ ಶಿವಣ್ಣ ಅನ್ನೋದು ಯಾವುದೋ ಯುರೋಪಿನ ಭಾಷೆಯ ಬೈಗುಳದ ಥರ ಕಾಣುತ್ತದೆ. ಹತ್ತು ಜನರ ಹೆಸರು ನಾನೇ ಕೈಯಲ್ಲಿ ಟೈಪ್ ಮಾಡಿದ್ದೆ. ಹೆಸರೇ ಬೇಡ ಅಂದರೆ ಆ ತಲೆನೋವೂ ಹೋಯಿತು.

ಅದಕ್ಕೆ ರೂಪಾಯಿ ಚಿಹ್ನೆ ಹಾಕಿ ಪೂರ್ತಿ ಇಂಗ್ಲಿಷಿನಲ್ಲೇ ಕಳಿಸಿದರೆ 160 ಸಿಗುತ್ತದಾ?

---

ಒತ್ತಕ್ಷರ

ಚಿಹ್ನೆ ಹಾಕಿದರೆ ಸಿಗುವುದಿಲ್ಲ. ₹ ಕೂಡ ಆ ಹಳೇ ಪಟ್ಟಿಯಲ್ಲಿಲ್ಲ. ಇಡೀ ಇಂಗ್ಲಿಷ್ ಮೆಸೇಜು ಆ ಒಂದು ಚಿಹ್ನೆಗೋಸ್ಕರ 70ಕ್ಕೆ ಇಳಿಯುತ್ತದೆ. ಅದಿರಲಿ, ಹಾಲು ಹಾಕುವವರಿಗೆ ಇಂಗ್ಲಿಷ್ ಯಾಕೆ? 61ರಲ್ಲಿ ಕನ್ನಡದಲ್ಲೇ ಆಗುತ್ತಿದೆಯಲ್ಲ.

---

ಮಲೆನಾಡುಗಿಡ್ಡ

ಎರಡನೇ ಪ್ರಶ್ನೆಗೆ ಕೋಡಿನಲ್ಲಿ ಉತ್ತರ ಇಲ್ಲ, ಕಾಗದಪತ್ರದಲ್ಲಿದೆ.

ನಮ್ಮ ದೇಶದಲ್ಲಿ ವ್ಯವಹಾರದ ಎಸ್ಎಂಎಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದ ಪ್ರಕಾರ ಡಿಎಲ್‌ಟಿಯಲ್ಲಿ ನೋಂದಣಿ ಆಗಬೇಕು. ಡಿಎಲ್‌ಟಿ ಅಂದರೆ ಯಾರು ಯಾವ ಮೆಸೇಜ್ ಕಳಿಸಬಹುದು ಅಂತ ಫೋನ್ ಕಂಪನಿಗಳು ಇಟ್ಟಿರುವ ದಾಖಲೆ. ನೀನು ಅದಿಲ್ಲದೆ ಹೊರದೇಶದ ದಾರಿಯಲ್ಲಿ ಕಳಿಸುತ್ತಿದ್ದೀಯ. ಅದಕ್ಕೇ ಕಳಿಸಿದವರ ಜಾಗದಲ್ಲಿ ಯಾವುದೋ ನಂಬರ್ ಕೂರುತ್ತದೆ, ಕೆಲವು ದಾರಿಯಲ್ಲೇ ಸೋಸಿ ಹೋಗುತ್ತವೆ. ಲೈಬ್ರರಿ "ಸೆಂಟ್" ಅಂದಿರುತ್ತದೆ, ನೀನು ಖುಷಿಪಟ್ಟಿರುತ್ತೀಯ. ಸೆಂಟ್ ಅಂದರೆ ಮುಂದಿನ ನೆಟ್‌ವರ್ಕಿಗೆ ದಾಟಿಸಿದೆ ಅಂತ, ಶಿವಣ್ಣನವರ ಫೋನು ತಲುಪಿತು ಅಂತಲ್ಲ. ಮೆಸೇಜಿಗೆ ಕೊನೆಗೆ ಏನಾಯಿತು ಅಂತ ತಿಳಿಸುವ ಸ್ಟೇಟಸ್ ಕಾಲ್‌ಬ್ಯಾಕ್ ಹಾಕಿ "ಡೆಲಿವರ್ಡ್" ಬಂತಾ, "ಅನ್‌ಡೆಲಿವರ್ಡ್" ಬಂತಾ ನೋಡು. ಎರರ್ ಕೋಡ್ 30007 ಇದ್ದರೆ ಸೋಸಿದ್ದಾರೆ, 30003 ಇದ್ದರೆ ಫೋನು ಸಿಕ್ಕಿಲ್ಲ.

ನೋಂದಣಿ ಹೇಗೆ ಅಂದರೆ: ಏರ್‌ಟೆಲ್, ಜಿಯೋ, ವಿಐ, ಬಿಎಸ್ಎನ್ಎಲ್ ಇವರೆಲ್ಲರ ಡಿಎಲ್‌ಟಿ ಪೋರ್ಟಲ್ ಇವೆ, ಯಾವುದಾದರೂ ಒಂದರಲ್ಲಿ ಆದರೆ ಸಾಕು. ನಿನ್ನ ಹೆಸರಲ್ಲಿ ಮಾಡಬೇಡ, ಸಂಘದ ಹೆಸರಲ್ಲೇ ಮಾಡಿಸು. ನಿಮ್ಮದು ಸಹಕಾರ ಸಂಘ, ನೋಂದಣಿ ಪತ್ರ ಇದ್ದೇ ಇರುತ್ತದೆ, ಪ್ಯಾನ್ ಇರುತ್ತದೆ, ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ಪತ್ರ ಒಂದು ಬೇಕು. ಅದಾದ ಮೇಲೆ ಹೆಡರ್, ಅಂದರೆ ಮೆಸೇಜಿನ ಮೇಲೆ ಕಾಣುವ ಆರಕ್ಷರದ ಹೆಸರು. ಆ ಹೆಸರಿಗೂ ಮುಂಚೆ ಎರಡಕ್ಷರ ಬರುತ್ತವಲ್ಲ, ಮೊದಲನೇದು ಫೋನ್ ಕಂಪನಿ, ಎರಡನೇದು ವಲಯ. ಎಕ್ಸ್ ಇದ್ದರೆ ಕರ್ನಾಟಕ. ಈಗ ಬಾಲದಲ್ಲಿ ಇನ್ನೊಂದು ಅಕ್ಷರವೂ ಬರುತ್ತದೆ, ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರ.

ಆಮೇಲೆ ಟೆಂಪ್ಲೇಟ್. ಇಲ್ಲೇ ಎಲ್ಲರ ತಾಳ್ಮೆ ಕೆಡೋದು. ಮೆಸೇಜಿನ ಮಾತು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು, ಬದಲಾಗುವ ಜಾಗದಲ್ಲಿ ಮಾತ್ರ ವೇರಿಯಬಲ್ ಗುರುತು. ಒಂದೊಂದು ವೇರಿಯಬಲ್ಲಿಗೂ ಇಷ್ಟೇ ಅಕ್ಷರ ಅಂತ ಮಿತಿ ಇದೆ, ನಿನ್ನದು ಬರೀ ಅಂಕಿ, ಚಿಂತೆಯಿಲ್ಲ. ಆದರೆ ಉಳಿದ ಮಾತು ಅಕ್ಷರ ಅಕ್ಷರವೂ ತಾಳೆಯಾಗಬೇಕು. "ಫ್ಯಾಟ್" ಆದಮೇಲೆ ಟೆಂಪ್ಲೇಟಿನಲ್ಲಿ ಒಂದು ಸ್ಪೇಸ್ ಇದ್ದು ಕೋಡಿನಲ್ಲಿ ಎರಡಾಗಿದ್ದರೆ ಮೆಸೇಜ್ ಹೋಗುವುದಿಲ್ಲ. ಒತ್ತಕ್ಷರ ಹೇಳಿದ ಕಾಣದ ಚಿಹ್ನೆ ಇದೆಯಲ್ಲ, ಅದರಿಂದ ನಾನು ಎರಡು ದಿನ ಒದ್ದಾಡಿದ್ದೇನೆ. ಪೋರ್ಟಲ್ಲಿಗೆ ಪೇಸ್ಟ್ ಮಾಡಿದ್ದರಲ್ಲಿ ಅದು ಇತ್ತು, ಕೋಡಿನಲ್ಲಿ ಇರಲಿಲ್ಲ. ಎರಡೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಥರ. ಹುಚ್ಚು ಹಿಡಿಯೋದು ಬಾಕಿ.

ಕನ್ನಡ ಅಂದಮೇಲೆ ಯೂನಿಕೋಡ್ ಅನ್ನೋ ಆಯ್ಕೆ ಒತ್ತಲು ಮರೆಯಬೇಡ. ಬೆಳಿಗ್ಗೆಗೊಂದು, ಸಂಜೆಗೊಂದು ಎರಡು ಟೆಂಪ್ಲೇಟ್ ಮಾಡಿಸು. ಕಳಿಸುವವರು ಯಾರು ಅಂತ ಮೆಸೇಜಿನ ಒಳಗೂ ಇರಲಿ ಅನ್ನಬಹುದು, ಕೊನೆಗೆ "-ಡೇರಿ" ಅಂತ ಸೇರಿಸುವಷ್ಟು ಜಾಗ ಇಟ್ಟುಕೋ.

ಇಷ್ಟಾದ ಮೇಲೆ ಟ್ವಿಲಿಯೋದಲ್ಲೂ ಕಳಿಸಬಹುದು. ಆದರೆ 180 ಮನೆಯ ಕೆಲಸಕ್ಕೆ ಇಲ್ಲಿಯ ಸೇವೆಯನ್ನೇ ಹಿಡಿ, ಬೆಂಗಳೂರಿನ ಎಕ್ಸೋಟೆಲ್ ಇದೆ, ಇನ್ನೂ ನಾಲ್ಕಾರಿವೆ. ಡಿಎಲ್‌ಟಿಯಲ್ಲಿ ಎಡವಿದಾಗ ಅವರಿಗೆ ಫೋನ್ ಮಾಡಿ ಕೇಳಬಹುದು, ಅದೇ ದೊಡ್ಡ ಲಾಭ. ನಿನ್ನ ಕೋಡಿನಲ್ಲಿ ಬದಲಾಗೋದು ಕಳಿಸುವ ಒಂದು ಫಂಕ್ಷನ್ ಮಾತ್ರ, ಅದನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದರೆ.

---

ಸುಮ್ನೆಕೇಳ್ದೆ

ಇಷ್ಟೆಲ್ಲಾ ರಾಮಾಯಣ ಯಾಕೆ? ಒಂದು ಯುಎಸ್‌ಬಿ ಡಾಂಗಲ್, ಅದಕ್ಕೊಂದು ಸಿಮ್, ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಂದಲೇ ಎಸ್ಎಂಎಸ್ ಬಿಡಿ. ಇಲ್ಲಾ ವಾಟ್ಸಾಪ್ ಗ್ರೂಪ್ ಮಾಡಿ. ಖರ್ಚೇ ಇಲ್ಲ.

---

ಮಲೆನಾಡುಗಿಡ್ಡ

ಸಿಮ್ ಪ್ಯಾಕಿನಲ್ಲಿ ದಿನಕ್ಕೆ 100 ಎಸ್ಎಂಎಸ್ ಬರುತ್ತದೆ. ಇವರಿಗೆ 180ರ ಎರಡರಷ್ಟು, 360 ಬೇಕು. ನಾಲ್ಕು ಸಿಮ್ ಹಾಕ್ತೀರಾ? ಹಾಕಿದರೂ ಮಾಮೂಲಿ ಹತ್ತಂಕಿ ನಂಬರಿನಿಂದ ದಿನಾ ಸಾಲು ಸಾಲು ಮೆಸೇಜ್ ಹೋದರೆ, ಯಾರಾದರೊಬ್ಬರು ದೂರು ಕೊಟ್ಟರೆ, ಆ ನಂಬರ್ ಹೋಯಿತು ಅಂದುಕೊಳ್ಳಿ. ಅದು ಚಿಕ್ಕಪ್ಪನ ಹೆಸರಲ್ಲಿರುವ ಸಿಮ್ ಬೇರೆ.

ವಾಟ್ಸಾಪ್ ಇರುವವರಿಗೆ ಸರಿ. ಕೀಪ್ಯಾಡ್ ಫೋನಿನವರು? ಅಲ್ಲದೆ ಗ್ರೂಪಿನಲ್ಲಿ ಹಾಕಿದರೆ ಯಾರ ಹಾಲಿಗೆ ಎಷ್ಟು ಫ್ಯಾಟ್ ಅಂತ ಇಡೀ ಊರಿಗೆ ಗೊತ್ತಾಗುತ್ತದೆ. ಬಟವಾಡೆ ಜಗಳ ನಿಲ್ಲಿಸಲು ಹೋಗಿ ದಿನಾ ಎರಡು ಹೊತ್ತು ಜಗಳ ಹಚ್ಚಿದ ಹಾಗೆ.

---

ರಾತ್ರಿಪಾಳಿ

ನಾನು ಬರೆಯೋದು ನಿಮ್ಮ ಮೂರು ಪ್ರಶ್ನೆಯಲ್ಲಿಲ್ಲ, ಆದರೂ ಓದಿ. ಆ ಟೋಕನ್ ಎಲ್ಲಿಟ್ಟಿದ್ದೀರಿ? ಕೋಡಿನ ಫೈಲಿನೊಳಗೇ ಬರೆದಿದ್ದರೆ ಈಗಲೇ ತೆಗೆಯಿರಿ, ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ ಹಾಕಿ.

ನಾನು ಮೊದಲಿದ್ದ ಕಂಪನಿಯಲ್ಲಿ ಒಬ್ಬ ಹೊಸ ಹುಡುಗ ಶುಕ್ರವಾರ ಸಂಜೆ ಕೋಡನ್ನು ಎಲ್ಲರಿಗೂ ಕಾಣುವ ಗಿಟ್ ರೆಪೋಗೆ ಹಾಕಿ ಊರಿಗೆ ಹೋದ. ಟೋಕನ್ ಅದರಲ್ಲೇ ಇತ್ತು. ಅಂಥದ್ದನ್ನು ಹುಡುಕುವ ಬಾಟುಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ರಾತ್ರಿ ನಮ್ಮ ಅಕೌಂಟಿನಿಂದ ನಾವು ಹೆಸರೂ ಕೇಳಿರದ ದ್ವೀಪಗಳಿಗೆ ಕಾಲ್ ಮೇಲೆ ಕಾಲ್. ಆ ನಂಬರಿಗೆ ಕಾಲ್ ಹೋದಷ್ಟೂ ಅದರ ಮಾಲೀಕನಿಗೆ ದುಡ್ಡು, ಅದೇ ಅವರ ದಂಧೆ. ಬ್ಯಾಲೆನ್ಸ್ ಮುಗಿದರೆ ತಾನೇ ನಿಲ್ಲಬೇಕಿತ್ತು, ಆದರೆ ಯಾರೋ ಆಟೋ ರೀಚಾರ್ಜ್ ಆನ್ ಮಾಡಿಟ್ಟಿದ್ದರು. ಡ್ಯೂಟಿಯಲ್ಲಿ ಇದ್ದವಳು ನಾನು. ಕಾರ್ಡಿಗೆ ದುಡ್ಡು ಬಿದ್ದ ಮೆಸೇಜು ಮ್ಯಾನೇಜರ್ ಫೋನಿಗೆ ಹೋಗುತ್ತಿತ್ತು, ಅವರು ಮಲಗಿದ್ದರು.

ಅದಕ್ಕೆ ಮೂರು ಕೆಲಸ ಇವತ್ತೇ ಮಾಡಿ. ಆಟೋ ರೀಚಾರ್ಜ್ ಆಫ್. ಯಾವ ದೇಶಕ್ಕೆ ಕಳಿಸಬಹುದು ಅನ್ನುವ ಪಟ್ಟಿಯಲ್ಲಿ ಭಾರತ ಒಂದು ಬಿಟ್ಟು ಎಲ್ಲ ಟಿಕ್ ತೆಗೆಯಿರಿ. ಮತ್ತೆ ನಿಮ್ಮ ಸರ್ವರಿಗೆ ಟ್ವಿಲಿಯೋದಿಂದ ವಿನಂತಿ ಬಂದಾಗ ಅದರ ಸಹಿ ನೋಡಿ, ನಿಜವಾಗಿ ಅವರದ್ದೇನಾ ಅಂತ. ಲೈಬ್ರರಿಯಲ್ಲೇ ರಿಕ್ವೆಸ್ಟ್ ವ್ಯಾಲಿಡೇಟರ್ ಅಂತ ಇದೆ. ಅದು ಯುಆರ್‌ಎಲ್ ಸೇರಿಸಿ ಲೆಕ್ಕ ಹಾಕುತ್ತದೆ, ಹಾಗಾಗಿ ಎನ್‌ಜಿನ್ಎಕ್ಸ್ (ಹೊರಗಿನ ವಿನಂತಿಯನ್ನು ಒಳಗಿನ ಆಪಿಗೆ ದಾಟಿಸುವ ಸರ್ವರ್) ಹಿಂದೆ ಆಪ್ ಇದ್ದು ಹೊರಗೆ ಎಚ್‌ಟಿಟಿಪಿಎಸ್, ಒಳಗೆ ಎಚ್‌ಟಿಟಿಪಿ ಆಗಿದ್ದರೆ ಸರಿಯಾದ ಸಹಿಯೂ ತಪ್ಪು ಅನ್ನುತ್ತದೆ. ಜನ ಅಲ್ಲಿ ಬೇಸತ್ತು ಪರೀಕ್ಷೆಯನ್ನೇ ಕಿತ್ತುಹಾಕುತ್ತಾರೆ. ನೀವು ಹೊರಗಿನ ಯುಆರ್‌ಎಲ್ ಕೊಟ್ಟು ನೋಡಿ, ಸರಿಹೋಗುತ್ತದೆ.

ಇನ್ನೊಂದು. ಹಳ್ಳಿಯಲ್ಲಿ ಕರೆಂಟು ಹೋಗಿ ಬರುತ್ತದೆ. ಸ್ಕ್ರಿಪ್ಟ್ ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ ಓಡಿದರೆ ಮೊದಲ ತೊಂಬತ್ತು ಜನಕ್ಕೆ ಎರಡೆರಡು ಮೆಸೇಜ್. ಹಾಲು ಎರಡು ಸಲ ಹಾಕಿದ್ದೇವೆ ಅಂತ ದುಡ್ಡು ಕೇಳಿದರೆ ಏನು ಹೇಳುತ್ತೀರಿ? ಸದಸ್ಯರ ಕೋಡ್, ತಾರೀಖು, ಹೊತ್ತು ಮೂರನ್ನೂ ಸೇರಿಸಿ ಒಂದು ಕೀ ಮಾಡಿ, ಕಳಿಸಿದ ಮೇಲೆ ಆ ಮೆಸೇಜಿಗೆ ಸಿಕ್ಕ ಎಸ್ಐಡಿಯನ್ನು ಅದರ ಮುಂದೆ ಬರೆದಿಟ್ಟುಕೊಳ್ಳಿ. ಎಸ್ಐಡಿ ಇದ್ದರೆ ಮತ್ತೆ ಕಳಿಸಬೇಡಿ. ಒಂದು ಎಸ್‌ಕ್ಯುಲೈಟ್ ಫೈಲ್ ಸಾಕು.

---

ಹುಬ್ಬಳ್ಳಿಮಂದಿ

ಕಾಲ್ ವಿಷಯ ನಾನು ಹೇಳುತ್ತೇನ್ರಿ. ಇದು ನನಗೆ ಭಾಳ ಇಷ್ಟದ ವಿಷಯ, ತಡೀರಿ.

ಮೊದಲನೇ ಮಾತು, ನೀವು ಕಾಲ್ ಮಾಡೋದು ಬಿಡ್ರಿ. ಅವರೇ ಮಿಸ್ಡ್ ಕಾಲ್ ಕೊಡಲಿ. ನಮ್ಮ ಮಂದಿಗೆ ಮಿಸ್ಡ್ ಕಾಲ್ ಯಾರೂ ಕಲಿಸಬೇಕಾಗಿಲ್ಲ. ಲೆಕ್ಕ ಬೇಕಾದವರು ಕೊಡುತ್ತಾರೆ, ಬೇಡಾದವರು ಸುಮ್ನೆ ಇರುತ್ತಾರೆ. ತಾವೇ ಕೇಳಿದ ಮೇಲೆ ವಾಪಸ್ ಬರುವ ಕಾಲ್ ಕಳ್ಳರದು ಅಂತ ಯಾರಿಗೂ ಅನ್ನಿಸೋದಿಲ್ಲ. ಬೆಳಗಿನ ಆರಕ್ಕೆ 180 ಮನೆಗೆ ಕಾಲ್ ಹಚ್ಚಿದರೆ ಅರ್ಧ ಮಂದಿ ಕೊಟ್ಟಿಗೆಯಲ್ಲಿ ಇರುತ್ತಾರೆ, ಯಾರು ಎತ್ತಬೇಕು?

ಆದರೆ ಅಮೆರಿಕದ ನಂಬರ್ ಮಾತ್ರ ಕೊಡಬೇಡ್ರಿ. ಮಿಸ್ಡ್ ಕಾಲ್ ಕೊಡಲು ಹೋಗಿ ಕಾಲ್ ಕನೆಕ್ಟ್ ಆಯಿತು ಅಂದರೆ ಐಎಸ್‌ಡಿ ದುಡ್ಡು ಹೋಗುತ್ತದೆ. ಇಲ್ಲಿಯ ಸೇವೆಯಿಂದ ಇಲ್ಲಿಯ ವರ್ಚುವಲ್ ನಂಬರ್ ತಗೋರಿ.

ಕೆಲಸ ನಡೆಯೋದು ಹೀಗೆ. ಕಾಲ್ ಬಂದಾಗ ನಿಮ್ಮ ಸರ್ವರಿಗೆ ಒಂದು ವೆಬ್‌ಹುಕ್ ಬರುತ್ತದೆ, ಅಂದರೆ ಸೇವೆಯವರ ಕಡೆಯಿಂದ ತಾನಾಗೇ ಬರುವ ಸುದ್ದಿ, ಯಾರು ಮಾಡಿದರು ಅಂತ ನಂಬರ್ ಸಮೇತ. ನೀವು ಎತ್ತದೇ ರಿಜೆಕ್ಟ್ ಅಂತ ಉತ್ತರ ಕೊಡಬೇಕು, ಟ್ವಿಲಿಯೋದಲ್ಲಿ ಅದಕ್ಕೆ ಅದೇ ಹೆಸರಿನ ಟ್ಯಾಗ್ ಇದೆ. ಆಮೇಲೆ ಆ ನಂಬರಿಗೆ ತಿರುಗಿ ಕಾಲ್ ಮಾಡಿಸಿ ಲೆಕ್ಕ ಓದಿಸಬೇಕು. ವೆಬ್‌ಹುಕ್ಕಿಗೆ ಉತ್ತರ ಕೊಡಲು ಕುಂತು ಲೆಕ್ಕ ಹುಡುಕಬೇಡ್ರಿ, ಟ್ವಿಲಿಯೋ 15 ಸೆಕೆಂಡು ಕಾಯುತ್ತದೆ, ಆಮೇಲೆ 11200 ಅಂತ ಎರರ್ ಒಗೆದು ಹೋಗುತ್ತದೆ. ಮೊದಲು ರಿಜೆಕ್ಟ್, ಲೆಕ್ಕ ಆಮೇಲೆ.

ನಂಬರ್ ಒಂದೊಂದು ಸಲ ಸೊನ್ನೆ ಹಿಡಕೊಂಡು ಬರುತ್ತದೆ, ಒಂದೊಂದು ಸಲ 91 ಹಿಡಕೊಂಡು. ಕೊನೆಯ ಹತ್ತಂಕಿ ಅಷ್ಟೇ ಇಟ್ಟುಕೊಂಡು ಹೋಲಿಸಿರಿ. ನಿಮ್ಮ ಸಿಎಸ್‌ವಿಯನ್ನು ಯಾರಾದರೂ ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡಿದ್ದರೆ ಫೋನ್ ನಂಬರ್ ಬದಲು ನಡುವೆ ಇ ಅಕ್ಷರ ಇರುವ ಯಾವುದೋ ಗಣಿತ ಕಾಣಬಹುದು, ಅದನ್ನೂ ನೋಡಿರಿ.

ಇನ್ನು ಧ್ವನಿ. ಕಂಪ್ಯೂಟರ್ ಕನ್ನಡ ಓದಿದರೆ ನಮಗೆ ನಿಮಗೆ ತಿಳಿಯುತ್ತದೆ, ಎಪ್ಪತ್ತು ವರ್ಷದ ಅಜ್ಜಿಗೆ ತಿಳಿಯೋದಿಲ್ಲ. ಊರಿನವರ ಧ್ವನಿಯಲ್ಲೇ ರೆಕಾರ್ಡ್ ಮಾಡಿರಿ. ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವರು ಇರುತ್ತಾರಲ್ಲ, ದಿನಾ ಅವರ ಬಾಯಲ್ಲೇ ಫ್ಯಾಟ್ ಎಷ್ಟು ಅಂತ ಕೇಳಿ ರೂಢಿಯಾಗಿರುತ್ತದೆ.

ಇಲ್ಲೊಂದು ಕನ್ನಡದ ಗಮ್ಮತ್ತು ಇದೆ ನೋಡ್ರಿ. ಇಂಗ್ಲಿಷಿನಲ್ಲಿ ಟೂ ಹಂಡ್ರೆಡ್ ಅನ್ನೋ ಒಂದು ಫೈಲು ಎಲ್ಲಿ ಬೇಕಾದರೂ ನಡೆಯುತ್ತದೆ. ನಮಗೆ "ಇನ್ನೂರು ರೂಪಾಯಿ", ಆದರೆ "ಇನ್ನೂರ ಮೂವತ್ತೊಂದು ರೂಪಾಯಿ". ಸಾವಿರವೂ ಹಂಗೇ, "ಸಾವಿರ ರೂಪಾಯಿ", "ಸಾವಿರದ ಇನ್ನೂರು ರೂಪಾಯಿ". ಇದು ತಿಳಿಯದೆ ಜೋಡಿಸಿದರೆ "ಇನ್ನೂರು... ಮೂವತ್ತೊಂದು" ಅಂತ ಎರಡು ಬೇರೆ ಲೆಕ್ಕ ಹೇಳಿದಂಗೆ ಕೇಳುತ್ತದೆ. ಹಾಗಾಗಿ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ 100 ಫೈಲು, ನೂರುಗಳು ಒಂಬತ್ತು, ಎರಡೆರಡು ರೂಪದಲ್ಲಿ 18, ಒಂಬತ್ತು ಸಾವಿರದವರೆಗೆ ಮತ್ತೆ 18. ಒಟ್ಟು 136. ಜೊತೆಗೆ ಲೀಟರ್, ಪಾಯಿಂಟ್, ಫ್ಯಾಟ್, ರೂಪಾಯಿ, ಪೈಸೆ ಇಂಥ ಹತ್ತು ಹದಿನೈದು ಮಾತು. ಒಂದು ಮಧ್ಯಾಹ್ನದ ಕೆಲಸ. ಒಂದೇ ಕುಂತಲ್ಲಿ, ಒಂದೇ ಕೋಣೆಯಲ್ಲಿ ಮುಗಿಸಿರಿ, ಇಲ್ಲದಿದ್ದರೆ ಅರ್ಧ ನಂಬರಿನ ಹಿಂದೆ ಫ್ಯಾನಿನ ಸದ್ದು, ಅರ್ಧಕ್ಕೆ ಕೋಳಿ ಕೂಗು. ಫೋನಿಗೆ ಹೋಗುವಾಗ ಹೆಂಗೂ 8 ಕಿಲೋಹರ್ಟ್ಸಿಗೆ ಇಳಿಯುತ್ತದೆ, ಮೈಕ್ ತರಲು ಬೆಂಗಳೂರಿಗೆ ಹೋಗಬೇಡ್ರಿ.

---

ಕೊಬ್ಬರಿಮಿಠಾಯಿ

ಐದು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಟೋಕನ್ ಕೋಡಿನೊಳಗೇ ಇತ್ತು ಮೇಡಂ. ಆವತ್ತೇ ಬದಲಿಸಿದೆ. ಡಿಎಲ್‌ಟಿಯಲ್ಲಿ ಮೊದಲನೇ ಟೆಂಪ್ಲೇಟ್ ಒಪ್ಪಲಿಲ್ಲ, ಯೂನಿಕೋಡ್ ಅಂತ ಒತ್ತಿರಲಿಲ್ಲ, ಗಿಡ್ಡಣ್ಣ ಹೇಳಿದ್ದರೂ ಮರೆತಿದ್ದೆ. ಎರಡನೇ ಸಲ ಆಯಿತು. ಕಳಿಸುವುದು ಈಗ ಇಲ್ಲಿಯ ಸೇವೆಯಿಂದ, "-ಡೇರಿ" ಸೇರಿ 66 ಅಕ್ಷರ, ಒಂದೇ ಮೆಸೇಜ್.

ಧ್ವನಿ ನಮ್ಮ ಡೇರಿ ಟೆಸ್ಟರ್ ಅಕ್ಕನದ್ದು. ರೆಕಾರ್ಡ್ ಮಾಡುವಾಗ ಇನ್ನೂರ, ಮುನ್ನೂರ ಅಂತ ಅರ್ಧಕ್ಕೆ ನಿಲ್ಲಿಸಿ ಹೇಳಿ ಅಂದರೆ ಅವರಿಗೆ ನಗು ತಡೆಯೋಕಾಗಲಿಲ್ಲ, "ಮುನ್ನೂರ" ಒಂದಕ್ಕೇ ಹನ್ನೊಂದು ಸಲ ಆಯಿತು. ಈಗ ಒಬ್ಬರು ಅಜ್ಜಿ ದಿನಾ ಮಿಸ್ಡ್ ಕಾಲ್ ಕೊಟ್ಟು, ಕಾಲ್ ಬಂದ ಮೇಲೆ "ಹೂಂ ಕಣಮ್ಮ, ಹೂಂ" ಅಂತ ಅದಕ್ಕೇ ಉತ್ತರ ಕೊಡುತ್ತಾರಂತೆ.

ಒಂದು ಹೊಸ ತೊಂದರೆ. ಒಂದೇ ಫೋನ್ ನಂಬರಿಗೆ ಎರಡು ಮೂರು ಸದಸ್ಯರಿದ್ದಾರೆ. ಅಪ್ಪನದೊಂದು ಕೋಡ್, ಬೇರೆ ಮನೆ ಮಾಡಿದ ಮಗನದೊಂದು, ಫೋನು ಮಾತ್ರ ಮಗನದ್ದೇ. ಮಿಸ್ಡ್ ಕಾಲ್ ಬಂದರೆ ಯಾರ ಲೆಕ್ಕ ಹೇಳಬೇಕು? ಮೊದಲು ಸಿಕ್ಕಿದ್ದನ್ನು ಓದುತ್ತಿತ್ತು, ಅಪ್ಪನ ಲೆಕ್ಕ ಸೊಸೆ ಕೇಳಿಸಿಕೊಂಡು ಮನೆಯಲ್ಲಿ ಬೇರೆ ಕಥೆ ಶುರುವಾಗಿದೆ.

---

ಹುಬ್ಬಳ್ಳಿಮಂದಿ

ಎಲ್ಲಾ ಓದಬೇಡ್ರಿ. ಗ್ಯಾದರ್ (ಫೋನಿನಲ್ಲಿ ಒತ್ತಿದ ಅಂಕಿ ಹಿಡಿಯುವ ಟ್ಯಾಗ್) ಹಾಕಿ "ನಿಮ್ಮ ಕೋಡ್ ನಂಬರ್ ಒತ್ತಿರಿ" ಅಂತ ಕೇಳಿರಿ, ಒಂದಕ್ಕಿಂತ ಹೆಚ್ಚು ಸದಸ್ಯರಿರುವ ಫೋನಿಗೆ ಮಾತ್ರ. ಅದು ಸುಮ್ನೆ ಬಿಟ್ಟರೆ 5 ಸೆಕೆಂಡು ಕಾಯುತ್ತದೆ, ವಯಸ್ಸಾದವರಿಗೆ ಸಾಲದು, 12 ಮಾಡಿರಿ. ಕೋಡ್ ಒಂದಂಕಿಯಿಂದ ಮೂರಂಕಿವರೆಗೆ ಇರುವುದರಿಂದ ಕೊನೆಗೆ ಹ್ಯಾಶ್ ಒತ್ತಲು ಹೇಳಬೇಕಾಗುತ್ತದೆ. ಹ್ಯಾಶ್ ಅನ್ನಬೇಡ್ರಿ, ಯಾರಿಗೂ ತಿಳಿಯೋದಿಲ್ಲ. "ಸೊನ್ನೆಯ ಬಲಕ್ಕಿರುವ ಗುಂಡಿ" ಅಂತ ಅಕ್ಕನ ಕಡೆ ಹೇಳಿಸಿರಿ.

---

ಕೊಬ್ಬರಿಮಿಠಾಯಿ

ಇಲ್ಲದಿದ್ದರೆ ಎಲ್ಲರ ಕೋಡನ್ನೂ 001, 047 ಥರ ಮೂರಂಕಿ ಮಾಡಿಬಿಟ್ಟರೆ? ಆಗ ಮೂರು ಒತ್ತಿದ ಕೂಡಲೇ ತಾನೇ ಮುಂದೆ ಹೋಗುತ್ತದೆ ಅಲ್ವಾ.

---

ಹುಬ್ಬಳ್ಳಿಮಂದಿ

ಹೋಗುತ್ತದೆ. ಆದರೆ ಇಪ್ಪತ್ತು ವರ್ಷದಿಂದ "ನಮ್ದು ಏಳನೇ ನಂಬರ್" ಅನ್ನುತ್ತಿರುವವರಿಗೆ ಮುಂದೆ ಎರಡು ಸೊನ್ನೆ ಒತ್ತಿ ಅಂತ ಹೇಳಲು ಚಿಕ್ಕಪ್ಪ ತಯಾರಿದ್ದಾರಾ, ಮೊದಲು ಕೇಳಿರಿ.